ಸಾವಿರದ ನಾಲ್ಕು ಮನೆಯ ಆನೆ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿ ನನ್ನ ಬಲಗೈ ಹೆಬ್ಬೆರಳು ಒರಟಾಗಿತ್ತು. ಈಗ ಎಡಗೈ ತೋರುಬೆರಳಿನ ಮೇಲೂ ಒಂದು ಗೀರು ಬಿದ್ದಿದೆ. ಅದು ಉಲ್ಲನ್ ದಾರ ಹರಿದಾಡಿ ಬಿದ್ದ ಗೀರು. ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಾನು ಕ್ರೋಷಾ ಕಲಿತು, ಅಂಗೈ ಮೇಲೆ ಕೂರುವಂಥ ಒಂದು ಆನೆ ಹೆಣೆದಿದ್ದೇನೆ. ಪಾರ್ಕಿನ ಗೆಳೆಯರು ನಕ್ಕರು. ನಮ್ಮ ಮನೆಯವಳು ಮೊದಲು ನಕ್ಕು, ಆಮೇಲೆ ಕನ್ನಡಕದ ಗಾಜು ಒರೆಸಿಕೊಟ್ಟಳು.

ನಮ್ಮ ಮನೆ ಮೈಸೂರಿನ ಕೆಸರೆಯಲ್ಲಿದೆ. ದಸರಾ ಮೆರವಣಿಗೆ ಅರಮನೆಯಿಂದ ಹೊರಟು ಸುಮಾರು ಐದು ಕಿಲೋಮೀಟರ್ ನಡೆದು ಬನ್ನಿಮಂಟಪದಲ್ಲಿ ಮುಗಿಯುತ್ತದಲ್ಲ, ಆ ಬನ್ನಿಮಂಟಪ ನಮಗೆ ದೂರವಲ್ಲ. ವಿಜಯದಶಮಿಯ ರಾತ್ರಿ ಪಂಜಿನ ಕವಾಯತಿನ ಪಟಾಕಿ ಸದ್ದು ನಮ್ಮ ಮಹಡಿಗೆ ಕೇಳುತ್ತದೆ. ಹಾಗಾಗಿ ನಮ್ಮ ಬೀದಿಯ ಮಕ್ಕಳಿಗೆ ದಸರಾ ಆನೆಗಳೆಂದರೆ ನೆಂಟರಿದ್ದ ಹಾಗೆ. ಯಾವ ಆನೆಗೆ ಎಷ್ಟು ವಯಸ್ಸು, ಯಾವುದು ತುಂಟ, ಯಾವುದಕ್ಕೆ ಬೆಲ್ಲ ಇಷ್ಟ, ಎಲ್ಲವೂ ಅವರಿಗೆ ಗೊತ್ತು.

ನನ್ನ ಮೊಮ್ಮಗಳು ಪುಟ್ಟಿಗೆ ಅರ್ಜುನ ಎಂದರೆ ಪ್ರಾಣ. 2012ರಿಂದ 2019ರವರೆಗೆ ಎಂಟು ದಸರಾ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಅದು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಕಾದಾಡಿ ಸತ್ತಾಗ ಪುಟ್ಟಿ ಎರಡನೇ ತರಗತಿ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಅರ್ಜುನನ ಗೊಂಬೆ ಬೇಕೆಂದು ಹಟ ಹಿಡಿದಳು. ಅಂಗಡಿ ಅಂಗಡಿ ಸುತ್ತಿದೆವು. ಸಿಕ್ಕಿದ್ದೆಲ್ಲ ಗುಲಾಬಿ ಬಣ್ಣದ ಆನೆ, ನೀಲಿ ಆನೆ, ರೆಪ್ಪೆಗೆ ಕಾಡಿಗೆ ಹಚ್ಚಿಕೊಂಡ ಆನೆ. "ಇದು ಅರ್ಜುನ ಅಲ್ಲ ತಾತ" ಎಂದು ಒಂದೊಂದನ್ನೂ ವಾಪಸ್ಸು ಇಟ್ಟಳು.

ಕೊನೆಗೆ ಅವಳು ಹೋಗಿದ್ದು ದೊಡ್ಡಜ್ಜಿಯ ಹತ್ತಿರ. ದೊಡ್ಡಜ್ಜಿ ಎಂದರೆ ನನ್ನ ಅಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು, ಭಾವ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ನಮ್ಮ ವಂಶದಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಕುಲಾವಿ ಹೆಣೆದವಳು ಅವಳೇ. ರೇಡಿಯೋ ಇದ್ದ ಕಾಲದಲ್ಲಿ ರೇಡಿಯೋಗೆ, ಟೀವಿ ಬಂದಾಗ ಟೀವಿಗೆ, ಫ್ರಿಜ್ಜು ಬಂದಾಗ ಅದರ ಹಿಡಿಕೆಗೆ, ಹೀಗೆ ಮನೆಗೆ ಬಂದ ಸಾಮಾನಿಗೆಲ್ಲ ಅಂಗಿ ತೊಡಿಸಿದ ಕೈ ಅದು. ಆದರೆ ನಾಲ್ಕೈದು ವರ್ಷದಿಂದ ಅವಳಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸೊರಗುವ ರೋಗ ಇದು. ಮೊದಮೊದಲು ಗೊತ್ತೇ ಆಗುವುದಿಲ್ಲ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ. (ನನ್ನ ವಯಸ್ಸಿನವರೇ, ಕನ್ನಡಕದ ನಂಬರ್ ನೋಡಿಸಲು ಹೋದಾಗ ಕಣ್ಣಿನ ಒತ್ತಡವನ್ನೂ ನೋಡಿಸಿಕೊಂಡು ಬನ್ನಿ.) ಅಕ್ಕನಿಗೆ ಈಗ ಬೆಳಕು, ನೆರಳು ತಿಳಿಯುತ್ತದೆ, ಅಷ್ಟೇ.

ಪುಟ್ಟಿ ಕೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮ್ಮ ತಾತಂಗೆ ಹೇಳಿಕೊಡ್ತೀನಿ. ಅವನಿಗೆ ಬೇರೇನು ಕೆಲಸ ಇದೆ?" ಎಂದಳು.

ಹೀಗೆ ಶುರುವಾಯಿತು ನನ್ನ ಪಾಠ. ಗುರುವಿಗೆ ಕಣ್ಣು ಕಾಣದು, ಶಿಷ್ಯನಿಗೆ ಬೆರಳು ಬಗ್ಗದು.

ಎರಡು ಕಡ್ಡಿಯ ಸ್ವೆಟರ್ ಹೆಣಿಗೆ ಬೇರೆ, ಕ್ರೋಷಾ ಬೇರೆ. ಇದಕ್ಕೆ ಒಂದೇ ಕಡ್ಡಿ, ಅದರ ತುದಿಯಲ್ಲಿ ಒಂದು ಕೊಕ್ಕೆ. ಕ್ರೋಷಾ ಎಂಬುದು ಕೊಕ್ಕೆ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಸ್ವೆಟರ್ ಹೆಣೆಯುವ ಯಂತ್ರಗಳು ಎಷ್ಟೋ ಇವೆ. ಕ್ರೋಷಾ ಗೊಂಬೆ ಮಾತ್ರ ಈಗಲೂ ಕೈಯಿಂದಲೇ ಆಗಬೇಕು. ಅಂಗಡಿಯಲ್ಲಿ ಎಲ್ಲಾದರೂ ಕಂಡರೆ, ಯಾರೋ ಒಬ್ಬರು ಕೂತು ಎಣಿಸಿ ಎಣಿಸಿ ಹೆಣೆದದ್ದು ಎಂದೇ ತಿಳಿಯಿರಿ. ಹೀಗೆ ಪುಟ್ಟ ಪುಟ್ಟ ಪ್ರಾಣಿಗಳನ್ನು ಹೆಣೆದು ಒಳಗೆ ಹತ್ತಿ ತುಂಬುವ ಕಲೆಗೆ ಜಪಾನಿನಲ್ಲಿ ಅಮಿಗುರುಮಿ ಎಂಬ ಹೆಸರಿದೆ. ಈಗ ಲೋಕವೆಲ್ಲ ಆ ಹೆಸರನ್ನೇ ಹೇಳುತ್ತದೆ. ಅಕ್ಕನಿಗೆ ಹೇಳಿದೆ. "ಗುರುಮಿಯೋ ಗಿರಿಮಿಟ್ಟೋ, ಮೊದಲು ದಾರ ಹಿಡಿಯೋದು ಕಲಿ" ಎಂದಳು.

ಮಕ್ಕಳೇ, ನೀವೂ ಮಾಡಿ ನೋಡಬಹುದು. ಬೂದು ಬಣ್ಣದ ಉಲ್ಲನ್, ಸುಮಾರು ಮೂರು ಮಿಲಿಮೀಟರ್ ದಪ್ಪದ ಕೊಕ್ಕೆ ಕಡ್ಡಿ, ಒಂದು ಸೇಫ್ಟಿ ಪಿನ್ನು, ದೊಡ್ಡ ಕಣ್ಣಿನ ಸೂಜಿ, ಇಷ್ಟು ಸಾಕು. ದಾರದ ತುದಿಯಲ್ಲಿ ಜಾರುಗಂಟು ಹಾಕಿ ಕಡ್ಡಿಗೆ ಸಿಕ್ಕಿಸಿ. ದಾರವನ್ನು ಕೊಕ್ಕೆಯಲ್ಲಿ ಹಿಡಿದು ಆ ಕುಣಿಕೆಯೊಳಗಿಂದ ಎಳೆದರೆ ಒಂದು ಸರಪಳಿ. ಹಾಗೆ ಎರಡು ಸರಪಳಿ ಹಾಕಿ. ಈಗ ಮೊದಲು ಹಾಕಿದ ಸರಪಳಿಯ ತೂತಿನೊಳಕ್ಕೇ ಆರು ಮನೆ ಹಾಕಬೇಕು. 'ಮನೆ' ಎನ್ನುವುದು ಅಕ್ಕನ ಮಾತು, ಚೌಕಾಬಾರದ ಮನೆ ಇದ್ದ ಹಾಗೆ. ಒಂದು ಮನೆ ಹಾಕುವುದೆಂದರೆ, ಕೊಕ್ಕೆಯನ್ನು ತೂತಿನಲ್ಲಿ ತೂರಿಸಿ ದಾರ ಹಿಡಿದು ಈಚೆಗೆ ಎಳೆಯಿರಿ. ಕಡ್ಡಿಯ ಮೇಲೆ ಎರಡು ಕುಣಿಕೆ ಇರುತ್ತದೆ. ಮತ್ತೊಮ್ಮೆ ದಾರ ಹಿಡಿದು ಆ ಎರಡರೊಳಗಿಂದಲೂ ಎಳೆದುಬಿಡಿ. ಒಂದು ಮನೆ ಆಯಿತು. ಕೇಳುವುದಕ್ಕೆ ಇಷ್ಟೇ. ನನಗೆ ಇದು ಬರಲು ಹನ್ನೊಂದು ದಿನ ಹಿಡಿಯಿತು, ಪುಟ್ಟಿಗೆ ಒಂದು ಸಂಜೆ.

ಮೊದಲ ಸುತ್ತು 6 ಮನೆ. ಎರಡನೇ ಸುತ್ತಿನಲ್ಲಿ ಒಂದೊಂದು ಮನೆಯೊಳಗೂ ಎರಡೆರಡು ಹಾಕಿ, 12 ಆಗುತ್ತದೆ. ಮೂರನೆಯದರಲ್ಲಿ ಒಂದು ಬಿಡಿ, ಒಂದು ಜೋಡಿ, ಒಟ್ಟು 18. ನಾಲ್ಕನೆಯದರಲ್ಲಿ ಎರಡು ಬಿಡಿ, ಒಂದು ಜೋಡಿ, 24. ಐದನೆಯದರಲ್ಲಿ ಮೂರು ಬಿಡಿ, ಒಂದು ಜೋಡಿ, 30. ಪ್ರತಿ ಸುತ್ತು ಶುರುವಾಗುವ ಕಡೆ ಸೇಫ್ಟಿ ಪಿನ್ನು ಚುಚ್ಚಿಕೊಳ್ಳಿ, ಇಲ್ಲದಿದ್ದರೆ ಎಲ್ಲಿದ್ದೀರೆಂದು ನಿಮಗೇ ತಿಳಿಯದು.

ಸುತ್ತಿಗೆ ಆರೇ ಏಕೆ ಹೆಚ್ಚಬೇಕು? ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಡುತ್ತೇನೆಯೇ? ವೃತ್ತದ ಸುತ್ತಳತೆಯ ಸೂತ್ರ ನೆನಪಿಸಿಕೊಳ್ಳಿ: ಎರಡು ಪೈ ಗುಣಿಲೆ ತ್ರಿಜ್ಯ. ಎರಡು ಪೈ ಎಂದರೆ ಸುಮಾರು 6.28. ತ್ರಿಜ್ಯ ಒಂದು ಮನೆಯಷ್ಟು ಬೆಳೆದರೆ ಸುತ್ತಳತೆ ಆರು ಮನೆ ಚಿಲ್ಲರೆ ಬೆಳೆಯಬೇಕು. ಆರು ಹೆಚ್ಚಿಸುತ್ತ ಹೋದರೆ ರೊಟ್ಟಿಯ ಹಾಗೆ ಚಪ್ಪಟೆ ಬರುತ್ತದೆ. ಕಡಿಮೆ ಮಾಡಿದರೆ ಬಟ್ಟಲಾಗುತ್ತದೆ. ಜಾಸ್ತಿ ಮಾಡಿದರೆ ಕೋಳಿಜುಟ್ಟಿನ ಹೂವಿನ ಹಾಗೆ ನೆರಿಗೆ ನೆರಿಗೆ ಏಳುತ್ತದೆ. ಈ ನೆರಿಗೆಯೂ ದಂಡವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ಟೈಮಿನಾ ಎಂಬ ಗಣಿತದ ಮೇಷ್ಟ್ರು 1997ರಲ್ಲಿ ಹೀಗೆ ನೆರಿಗೆಯೇಳುವ ಕ್ರೋಷಾ ಹೆಣೆದರು. ಕಾಗದದ ಮೇಲೆ ಚೆನ್ನಾಗಿ ತೋರಿಸಲಾಗದ ಒಂದು ಬಗೆಯ ರೇಖಾಗಣಿತವನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟುಬಿಟ್ಟರು. ನಮ್ಮಕ್ಕನಿಗೆ ಪೈ ಗೊತ್ತಿಲ್ಲ. "ಆರು ಹಾಕು, ಮಾತು ಕೇಳುತ್ತೆ" ಎನ್ನುತ್ತಾಳೆ.

30 ಆದ ಮೇಲೆ ಹೆಚ್ಚಿಸದೆ ಆರು ಸುತ್ತು ಹಾಗೇ ಹೋಗಬೇಕು. ಆಮೇಲೆ ಎರಡು ಮನೆ ಸೇರಿಸಿ ಒಂದು ಮಾಡುತ್ತ 24, 18 ಎಂದು ಇಳಿಸಿ, ಹತ್ತಿ ತುಂಬಿ, 12, 6 ಎಂದು ಮುಚ್ಚಬೇಕು. ಇದು ಮೈ, 330 ಮನೆ. ತಲೆಯೂ ಹೀಗೇ, 24ರವರೆಗೆ ಹತ್ತಿಸಿ, ನಾಲ್ಕು ಸುತ್ತು ಹಾಗೇ ಹೋಗಿ, ಇಳಿಸುವುದು: 192. ಸೊಂಡಿಲಿಗೆ ಮೊದಲ ಸುತ್ತು 6, ಆಮೇಲೆ ಎಂಟೆಂಟರಂತೆ ಒಂಬತ್ತು ಸುತ್ತು: 78. ಕಾಲು ಒಂದಕ್ಕೆ 66ರಂತೆ ನಾಲ್ಕಕ್ಕೆ 264. ಕಿವಿ ಎಂದರೆ 24ರವರೆಗೆ ಹೆಣೆದ ಎರಡು ಚಪ್ಪಟೆ ಬಿಲ್ಲೆ: 120. ಬಾಲಕ್ಕೆ ಎಂಟು ಸರಪಳಿ. ದಂತವಿಲ್ಲದಿದ್ದರೆ ಅದು ಅರ್ಜುನನೇ ಅಲ್ಲವಲ್ಲ, ಅದಕ್ಕೆ ಬಿಳಿ ಹತ್ತಿ ದಾರದಲ್ಲಿ ಆರಾರು ಸರಪಳಿಯ ಎರಡು ತುಂಡು. ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿದರೆ ಸೆಟೆದು ನಿಲ್ಲುತ್ತವೆ. ಕೂಡಿ ನೋಡಿ: 1004. ಕಣ್ಣಿಗೆ ಕಪ್ಪು ದಾರದಲ್ಲೇ ಹೊಲಿಗೆ ಹಾಕಿ. ಚಿಕ್ಕ ಮಗು ಇರುವ ಮನೆಯಲ್ಲಿ ಮಣಿ, ಗುಂಡಿ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡರೆ ಕಷ್ಟ. ಬೂರುಗದ ಹತ್ತಿ ಒಗೆದರೆ ಗಂಟು ಗಂಟಾಗುತ್ತದೆ, ದಿಂಬಿಗೆ ತುಂಬುವ ಫೈಬರ್ ವಾಸಿ.

ಬರೆಯುವಾಗ ಸಲೀಸು. ಹೆಣೆಯುವಾಗ ಮೊದಲ ಮೈ ಮುಗಿಯುವುದರೊಳಗೆ ನಾಲ್ಕು ಸಲ ಬಿಚ್ಚಿದೆ. ಕ್ರೋಷಾದಲ್ಲಿ ಕಡ್ಡಿಯ ಮೇಲೆ ಇರುವುದು ಒಂದೇ ಕುಣಿಕೆ. ದಾರ ಎಳೆದರೆ ಒಂದು ವಾರದ ಕೆಲಸ ಒಂದು ನಿಮಿಷದಲ್ಲಿ ಜರ್ರೆಂದು ಬಿಚ್ಚಿಕೊಳ್ಳುತ್ತದೆ. ಐದನೇ ಸಲ ಐದನೇ ಸುತ್ತಿನಲ್ಲಿ ನನಗೆ 30ರ ಬದಲು 29 ಬಂತು. ಮತ್ತೆ ಬಿಚ್ಚಲು ಮನಸ್ಸಾಗಲಿಲ್ಲ. ಮುಂದಿನ ಸುತ್ತಿನಲ್ಲಿ ಒಂದು ಮನೆ ಕದ್ದು ಸೇರಿಸಿ 30 ಮಾಡಿಬಿಟ್ಟೆ.

ಬ್ಯಾಂಕಿನಲ್ಲಿ ನಾನು ಹೀಗೆ ಯಾವತ್ತೂ ಮಾಡಿದವನಲ್ಲ. ಕಂಪ್ಯೂಟರ್ ಬರುವ ಮೊದಲು ಲೆಡ್ಜರು ಕೂಡಿ ಬರದಿದ್ದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ 54 ಎಂಬುದನ್ನು 45 ಎಂದು ಅಂಕಿ ತಿರುಗಿಸಿ ಬರೆದಿದ್ದಾರೆ ಎಂದು ಹುಡುಕುತ್ತಿದ್ದೆವು. (ಯಾವ ಎರಡಂಕಿ ಸಂಖ್ಯೆಯನ್ನಾದರೂ ತಿರುಗಿಸಿ ಕಳೆದು ನೋಡಿ, ಮಕ್ಕಳೇ.) ಏನು ಮಾಡಿದರೂ ಸಿಗದ ಮೊತ್ತವನ್ನು ಸಸ್ಪೆನ್ಸ್ ಖಾತೆ ಎಂಬ ಒಂದು ಮೂಲೆಗೆ ಹಾಕಿಡುವ ಪದ್ಧತಿ ಇತ್ತು. ಅಂಥ ನಾನು, ಒಂದು ಮನೆಗೋಸ್ಕರ ಕಳ್ಳಲೆಕ್ಕ ಬರೆದೆ.

ಅಕ್ಕ ಆ ಉಂಡೆಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸುತ್ತು ಸುತ್ತಾಗಿ ಸವರಿದಳು. ಬೆರಳು ಒಂದು ಕಡೆ ನಿಂತಿತು. "ಇಲ್ಲೊಂದು ಮನೆ ನುಂಗಿದ್ದೀಯ. ಮೇಲೊಂದು ತುರುಕಿದ್ದೀಯ. ಬಿಚ್ಚು."

ಬಿಚ್ಚುತ್ತ ಕೂತಾಗ ಸುಮ್ಮನೆ ಮಾತಿಗೆ ಕೇಳಿದೆ, "ನೀನು ಎಷ್ಟು ಸಲ ಬಿಚ್ಚುತ್ತಿದ್ದೆ ಅಕ್ಕ?" ಅಕ್ಕ ನಕ್ಕಳು. "ಅನಾನಸ್ ಮಾದರಿ ಟೇಬಲ್ ಕ್ಲಾತ್ ಆರು ಸಲ ಬಿಚ್ಚಿದ್ದೆ. ನಿನ್ನ ಎರಡನೇ ವರ್ಷದ ಫೀಸಿಗೆ ಕೊಡಬೇಕಿತ್ತಲ್ಲ, ತಪ್ಪಿದ್ರೆ ಅವರು ತಗೋತಿರಲಿಲ್ಲ."

ನನ್ನ ಫೀಸು? ನಾನು ಇಷ್ಟು ವರ್ಷ ತಿಳಿದಿದ್ದು ಅಪ್ಪ ಸಾಲ ಮಾಡಿ ನನ್ನನ್ನು ಓದಿಸಿದರು ಎಂದು.

ಅಂದು ಮಧ್ಯಾಹ್ನ ಅಟ್ಟದ ಟ್ರಂಕು ಇಳಿಸಿದೆ. ಅಪ್ಪನ ಜಮಾಖರ್ಚಿನ ಪುಸ್ತಕಗಳನ್ನು ನಾನೇ ಜೋಪಾನ ಮಾಡಿದ್ದೇನೆ. ಅಪ್ಪ ಬೆಂಕಿಪೊಟ್ಟಣವನ್ನೂ ಬಿಡದೆ ಬರೆದಿಡುತ್ತಿದ್ದರು. 1969ರಿಂದ 1972ರವರೆಗಿನ ಪುಟ ತಿರುವಿದೆ. ಖರ್ಚಿನ ಕಡೆ 'ಕಾಲೇಜು ಫೀಸು', 'ಪುಸ್ತಕ', 'ಪರೀಕ್ಷೆ' ಎಂದು ಚೆನ್ನಾಗಿ ಬರೆದಿದೆ. ಪ್ರತಿಯೊಂದರ ಹಿಂದಿನ ವಾರ ಜಮಾ ಕಡೆ ಒಂದು ಮೊತ್ತ, ಎಂಟು ರೂಪಾಯಿ, ಹನ್ನೆರಡು ರೂಪಾಯಿ, ಒಮ್ಮೆ ಹದಿನೈದು. ಅದರ ಮುಂದೆ ಅಪ್ಪನ ದುಂಡು ಅಕ್ಷರದಲ್ಲಿ ಒಂದೇ ಪದ: 'ಇತರೆ'. ಮೂರು ವರ್ಷದಲ್ಲಿ ಹದಿನಾಲ್ಕು ಸಲ ಇತರೆ. ಕೂಡಿದೆ, 163 ರೂಪಾಯಿ. ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ದೊಡ್ಡ ಮನೆಗಳಿಗೆ ಅಕ್ಕ ಹೆಣೆದು ಕೊಟ್ಟ ಟೇಬಲ್ ಕ್ಲಾತು, ದಿಂಬಿನ ಲೇಸು, ಬಾಗಿಲ ತೋರಣಗಳ ದುಡ್ಡು. ಬೇರೆಯವರ ಲೆಕ್ಕ ತಿದ್ದಿ ಹೊಟ್ಟೆ ಹೊರೆದವನು ನಾನು. ಸ್ವಂತ ಮನೆಯ ಪುಸ್ತಕವನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಆ ಪದದ ಮೇಲೆ ಕಣ್ಣು ನಿಂತಿರಲಿಲ್ಲ.

ಸಂಜೆ ಕೇಳಿದೆ. "ಅಪ್ಪ ನಿನ್ನ ಹೆಸರು ಯಾಕೆ ಬರೀಲಿಲ್ಲ?"

"ಮಗಳ ದುಡ್ಡು ಅಂತ ಬರೆಯೋಕೆ ಅಪ್ಪನಿಗೆ ನಾಚಿಕೆ ಕಣೋ."

"ನಿನಗೆ ಬೇಜಾರಾಗ್ಲಿಲ್ವಾ?"

ಅಕ್ಕ ಸ್ವಲ್ಪ ತಡೆದು ಹೇಳಿದಳು. "ಅದಕ್ಕಲ್ಲ. ನನ್ನ ಏಳನೇ ಕ್ಲಾಸಿಗೇ ಬಿಡಿಸಿದ್ರಲ್ಲ, ಅದಕ್ಕೆ ಬೇಜಾರಾಗಿತ್ತು. ನನಗೂ ಹೈಸ್ಕೂಲಿಗೆ ಹೋಗೋ ಆಸೆ ಇತ್ತು. ಇರಲಿ. ಎಷ್ಟನೇ ಸುತ್ತಲ್ಲಿದ್ದೀಯ ಹೇಳು."

ನಾನು ಆ ರಾತ್ರಿ ನಿದ್ದೆ ಬಾರದೆ ಆನೆಯ ಎಡಕಿವಿ ಹೆಣೆದು ಮುಗಿಸಿದೆ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಕ್ಷಾಮ ಬಂದಾಗ, ಹೆಂಗಸರು ಕ್ರೋಷಾ ಲೇಸು ಹೆಣೆದು ಮಾರಿ ಮನೆ ಉಳಿಸಿಕೊಂಡರು. ನಮ್ಮ ಪಕ್ಕದ ಆಂಧ್ರದ ಗೋದಾವರಿ ಸೀಮೆಯಲ್ಲಿ ನರಸಾಪುರ ಎಂಬ ಊರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಪಾದ್ರಿಗಳ ಕುಟುಂಬದವರು ಕಲಿಸಿದ ಲೇಸು ಅಲ್ಲಿ ಮನೆಮನೆಯ ಕೆಲಸವಾಯಿತು, ಕಡಲಾಚೆಗೂ ಹೋಯಿತು. ಮರಿಯಾ ಮೀಸ್ ಎಂಬ ಜರ್ಮನ್ ವಿದ್ವಾಂಸೆ ಅಲ್ಲಿಗೆ ಬಂದು ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಬರೆದರು. ಆ ಹೆಂಗಸರು ದಿನಕ್ಕೆ ಅಷ್ಟು ಹೊತ್ತು ದುಡಿದು ಪರದೇಶಕ್ಕೆ ಮಾಲು ಕಳಿಸುತ್ತಿದ್ದರೂ ಅವರನ್ನು ಕೆಲಸಗಾರರೆಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಮನೆಯಲ್ಲಿ ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರೆಂದೇ ನೋಡುತ್ತಿದ್ದರು ಎಂಬುದು ಆ ಪುಸ್ತಕದ ಮುಖ್ಯ ಮಾತು. ಓದಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ, "ಅವರು ಯಾವ ನಂಬರ್ ದಾರ ಹಾಕ್ತಾರಂತೆ?"

ಈಗ ನಾನು ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತಂದಿದ್ದೇನೆ. ಅಕ್ಕನ ಮಾದರಿಗಳು ಯಾವ ಕಾಗದದಲ್ಲೂ ಇಲ್ಲ, ಪಕ್ಕದ ಮನೆಯ ಟೀಚರಮ್ಮನಿಂದ ಕಲಿತದ್ದು, ತಾನೇ ಕಟ್ಟಿಕೊಂಡದ್ದು, ಎಲ್ಲ ತಲೆಯಲ್ಲಿದೆ. ಅವಳು ಬಾಯಲ್ಲಿ ಹೇಳುತ್ತಾಳೆ, ನಾನು ಸುತ್ತಿನ ಲೆಕ್ಕ ಹಾಕಿ ಬರೆದುಕೊಳ್ಳುತ್ತೇನೆ. ಕುಲಾವಿ, ಮೊಲ, ತೋರಣ, ಮೂರು ಮುಗಿದಿವೆ. ಪ್ರತಿ ಪುಟದ ತಲೆಯ ಮೇಲೆ ಅವಳ ಪೂರ್ತಿ ಹೆಸರು ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಅಜ್ಜಿಯರಿದ್ದರೆ, ಬೇಸಿಗೆ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ಕೂತು ನೋಡಿ. ಹಪ್ಪಳದ ಹದವಾದರೂ ಸರಿ.

ಆನೆ ನವರಾತ್ರಿಯ ಹೊತ್ತಿಗೆ ತಯಾರಾಯಿತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಎಲ್ಲಕ್ಕಿಂತ ಮುಂದೆ ಅರ್ಜುನ. ಪುಟ್ಟಿ ಬೆಂಕಿಪೊಟ್ಟಣಕ್ಕೆ ಚಿನ್ನದ ಬಣ್ಣದ ಕಾಗದ ಅಂಟಿಸಿ ಅಂಬಾರಿ ಮಾಡಿ ಹೊರಿಸಿದಳು. "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳಿಕೊಂಡು ಬಂದ ಬೀದಿಯ ಮಕ್ಕಳೆಲ್ಲ ಮುಟ್ಟಿ ನೋಡಿ ಹೋದರು. ಯಾರು ಮಾಡಿದ್ದು ಎಂದು ಕೇಳಿದವರಿಗೆ ಪುಟ್ಟಿ, "ದೊಡ್ಡಜ್ಜಿ ಹೇಳಿದ್ದು, ತಾತ ಬಿಚ್ಚಿದ್ದು" ಎನ್ನುತ್ತಿದ್ದಳು.

ವಿಜಯದಶಮಿಯ ಮಾರನೇ ದಿನ ಅಕ್ಕ ಆನೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಸವರಿದಳು. ಸೊಂಡಿಲು, ಬೆನ್ನು, ಕಾಲು. ಎಡಕಿವಿಗೆ ಬಂದು ನಿಂತಳು.

"ಈ ಕಿವಿ ಚಿಕ್ಕದು."

"ಇಲ್ಲ ಅಕ್ಕ, ಎರಡೂ ಅರವತ್ತು ಅರವತ್ತು ಮನೆ. ಮೂರು ಸಲ ಎಣಿಸಿದ್ದೀನಿ."

"ಲೆಕ್ಕ ಸರಿ ಇರಬಹುದು. ಕೈ ಬಿಗಿ ಆಗಿದೆ. ಅವತ್ತು ಏನಾಗಿತ್ತು ನಿನಗೆ?"

ನಾನು ಉತ್ತರ ಕೊಡಲಿಲ್ಲ. ಸೂಜಿ ತೆಗೆದು ಕಿವಿ ಬಿಚ್ಚಲು ಹೊರಟೆ. ಪುಟ್ಟಿ ಆನೆಯನ್ನು ಕಿತ್ತುಕೊಂಡು ಓಡಿದಳು. ಈಗ ಅದು ಅವಳ ಓದುವ ಮೇಜಿನ ಮೇಲಿದೆ, ಒಂದು ಕಿವಿ ದೊಡ್ಡದು, ಒಂದು ಕಿವಿ ಚಿಕ್ಕದು.

ನನಗೆ ಮುಂದಿನ ಪಾಠ ಅನಾನಸ್ ಮಾದರಿ. ನಲವತ್ತನೇ ನಂಬರಿನ ಬಿಳಿ ದಾರ, ಸಣ್ಣ ಸ್ಟೀಲ್ ಕಡ್ಡಿ ಎರಡನ್ನೂ ತಂದಿಟ್ಟಿದ್ದೇನೆ. ಸೋಮವಾರದಿಂದ ಶುರು ಎಂದಿದ್ದಾಳೆ ಅಕ್ಕ.